ಆರನೇ ವರ್ಷದ ದವಡೆ ಹಲ್ಲು

ನಿಮ್ಮ ಮನೆಯಲ್ಲಿ ಐದೂವರೆಯಿಂದ ಏಳು ವರ್ಷದೊಳಗಿನ ಮಗು ಇದ್ದರೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಗುವನ್ನು ಮಂಚದ ಮೇಲೆ ಮಲಗಿಸಿ, ಬಾಯಿ ಅಗಲ ಮಾಡಲು ಹೇಳಿ, ಮೊಬೈಲ್ ಟಾರ್ಚ್ ಬಿಟ್ಟು ಕೊನೇ ಹಲ್ಲಿನ ಹಿಂದೆ ನೋಡಿ. ಅಲ್ಲಿ ವಸಡು ಸೀಳಿಕೊಂಡು ಒಂದು ಬಿಳೀ ಮೂಲೆ ಕಾಣಿಸುತ್ತಿರಬಹುದು. ಅದು ಮೊದಲ ಶಾಶ್ವತ ದವಡೆ ಹಲ್ಲು. ಹಳೇ ಹಲ್ಲು ಯಾವುದೂ ಬೀಳದೆ, ಸದ್ದಿಲ್ಲದೆ ಹಿಂದಿನಿಂದ ಬರುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಅಂತಲೇ ಅಂದುಕೊಂಡಿರುತ್ತಾರೆ. ಮೇಲೆ ಎರಡು, ಕೆಳಗೆ ಎರಡು. ಜೀವನ ಪೂರ್ತಿ ಅಗಿಯುವ ಕೆಲಸದ ದೊಡ್ಡ ಪಾಲು ಈ ನಾಲ್ಕರದ್ದೇ, ಚಿಕ್ಕ ವಯಸ್ಸಿನಲ್ಲೇ ಹುಳುಕು ಹಿಡಿಯುವುದೂ ಹೆಚ್ಚಾಗಿ ಇವಕ್ಕೇ.

ನಮ್ಮ ಪುಟ್ಟಿಗೆ ಈ ಹಲ್ಲು ಬಂದಾಗಿನಿಂದ ಅದನ್ನು ಉಳಿಸಿಕೊಳ್ಳಲು ನಾವು ಏನೇನು ಮಾಡಿದೆವು, ಮನೆಯಲ್ಲಿ ಯಾವುದಕ್ಕೆ ಒಪ್ಪಿಗೆ ಸಿಕ್ಕಿತು, ಯಾವುದಕ್ಕೆ ಮಾತಿಗೆ ಮಾತು ಬೆಳೆಯಿತು ಅನ್ನೋದನ್ನು ಬರೆಯುತ್ತಿದ್ದೇನೆ. ಹಲ್ಲು ನೋವು ಬಂದ ಮೇಲೆ ಏನು ಮಾಡಬೇಕು ಅಂತ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಬರದ ಹಾಗೆ ಏನು ಮಾಡಬೇಕು ಅಂತ ಕೂತು ವಿವರವಾಗಿ ಹೇಳುವವರು ನನಗಂತೂ ಸುಲಭಕ್ಕೆ ಸಿಗಲಿಲ್ಲ.

ಶುರುವಾಗಿದ್ದು ಶಾಲೆಯ ಆರೋಗ್ಯ ತಪಾಸಣೆಯ ಚೀಟಿಯಿಂದ. ತೂಕ, ಎತ್ತರ, ಕಣ್ಣು ಎಲ್ಲ ಸರಿ, ಕೊನೆಯಲ್ಲಿ 'ದಂತವೈದ್ಯರಿಗೆ ತೋರಿಸಿ' ಅಂತ ಒಂದು ಸಾಲು. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ನೋಡಿದರು, ಒಂದು ಹಾಲುಹಲ್ಲಲ್ಲಿ ಹುಳುಕು ಶುರುವಾಗಿದೆ ಅಂದರು, ಫಿಲ್ಲಿಂಗ್‌ಗೆ ಎಷ್ಟಾಗುತ್ತದೆ ಅಂತ ಬರೆದುಕೊಟ್ಟರು. "ಬೇರೆ ಹಲ್ಲಿಗೆ ಬರದ ಹಾಗೆ ಏನು ಮಾಡಬೇಕು ಡಾಕ್ಟ್ರೇ?" ಅಂತ ಕೇಳಿದೆ. "ಚಾಕೊಲೇಟ್ ಕಡಿಮೆ ಮಾಡಿ, ಚೆನ್ನಾಗಿ ಬ್ರಶ್ ಮಾಡಿಸಿ" ಅಂದರು. ಅಷ್ಟೇ. ಹೊರಗೆ ಇನ್ನೂ ಜನ ಕಾಯುತ್ತಿದ್ದರು. ನನಗೆ ಅಷ್ಟು ಸಾಕಾಗಲಿಲ್ಲ. ಪುಟ್ಟಿ ಚಾಕೊಲೇಟ್ ತಿನ್ನುವುದೇ ಕಡಿಮೆ, ಬ್ರಶ್ ದಿನಾ ಮಾಡುತ್ತಾಳೆ, ಆದರೂ ಹುಳುಕು ಬಂದಿದೆ ಅಲ್ವಾ? ಹಾಗಾದರೆ ಬೇರೆ ಏನೋ ಇರಬೇಕು.

ನಮ್ಮ ಓಣಿಯ ಆಂಟಿಯೊಬ್ಬರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜಿಗೆ ಹೋಗಿ ಅಂದರು. ಹನುಮಂತನಗರದಿಂದ ದೂರವೇನಲ್ಲ. ಮೆಟ್ರೋದಲ್ಲಾದರೆ ನ್ಯಾಷನಲ್ ಕಾಲೇಜಿನಿಂದ ಮುಂದಿನದೇ ಮಾರ್ಕೆಟ್ ಸ್ಟೇಷನ್. ಅಲ್ಲಿ ಇಳಿದರೆ ಆಸ್ಪತ್ರೆ ಪಕ್ಕದಲ್ಲೇ. ಬೆಳಗ್ಗೆ ಬೇಗ ಹೋಗಬೇಕು, ಕಾಯಬೇಕು, ನಿಜ. ಆದರೆ ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಒಂದು ವಿಭಾಗ ಇರುತ್ತದೆ. ಅಲ್ಲಿ ಪಿಜಿ ಓದುತ್ತಿರುವ ಡಾಕ್ಟರ್ ನೋಡುತ್ತಾರೆ, ಮೇಲಿನವರು ಬಂದು ಪರೀಕ್ಷಿಸುತ್ತಾರೆ. ಕಲಿಯುವವರು ಅಂತ ಹಿಂಜರಿಯುವವರಿಗೆ ನಾನು ಹೇಳುವುದು ಇಷ್ಟೇ: ಕಲಿಯುವವರಾದ್ದರಿಂದಲೇ ಒಂದೊಂದು ಹಲ್ಲನ್ನೂ ಬಿಡದೆ ನೋಡುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ.

ಆ ಹುಡುಗಿ ಡಾಕ್ಟರ್ ಪುಟ್ಟಿಯ ಬಾಯಿ ನೋಡಿದ ಮೇಲೆ ನನಗೊಂದು ಕೆಲಸ ಕೊಟ್ಟರು. ಮಗುವಿನ ಬಾಯಿಗೆ ಹೋಗುವುದನ್ನೆಲ್ಲ ಗಂಟೆ ಸಮೇತ ಬರೆದುಕೊಂಡು ಬನ್ನಿ, ಊಟ ತಿಂಡಿ ಮಾತ್ರವಲ್ಲ, ಸುಮ್ನೆ ಬಾಯಿಗೆ ಹಾಕಿಕೊಂಡದ್ದೂ ಸೇರಿಸಿ ಅಂದರು. ಬರೆದೆ. ಬೆಳಗ್ಗೆ ಏಳಕ್ಕೆ ಮಾಲ್ಟ್ ಪುಡಿ ಹಾಕಿದ ಹಾಲು, ಅದಕ್ಕೆ ಅದ್ದಿಕೊಂಡು ಎರಡು ಬಿಸ್ಕತ್ತು. ಎಂಟಕ್ಕೆ ತಿಂಡಿ. ಶಾಲೆಯ ಶಾರ್ಟ್ ಬ್ರೇಕ್‌ನಲ್ಲಿ ಖರ್ಜೂರ, ಇಲ್ಲವೇ ಕೇಕ್. ಊಟ. ಬಿಟ್ಟ ಮೇಲೆ ವ್ಯಾನ್‌ನಲ್ಲಿ ಗೆಳತಿ ಕೊಟ್ಟ ಚಿಪ್ಸ್. ನಾಲ್ಕಕ್ಕೆ ಮತ್ತೆ ಹಾಲು. ಅಜ್ಜಿ ಜೊತೆ ಬೇಕರಿಗೆ ಹೋದರೆ ಬಾದಾಮ್ ಬರ್ಫಿಯ ಒಂದು ಚೂರು. ಹೋಮ್‌ವರ್ಕ್ ಮಾಡುವಾಗ ಪಕ್ಕದಲ್ಲಿ ಒಂದು ಬಟ್ಟಲು ದ್ರಾಕ್ಷಿ-ಗೋಡಂಬಿ, ಒಂದೊಂದೇ ಬಾಯಿಗೆ. ರಾತ್ರಿ ಊಟ. ಮಲಗುವ ಮುಂಚೆ ಸಕ್ಕರೆ ಹಾಕಿದ ಹಾಲು. ನೋಡಿದರೆ ಇದರಲ್ಲಿ ಬೈಯುವಂಥದ್ದು ಯಾವುದೂ ಇಲ್ಲ. ಹೆಚ್ಚಿನದು 'ಆರೋಗ್ಯಕ್ಕೆ ಒಳ್ಳೆಯದು' ಅಂತಲೇ ಕೊಟ್ಟಿದ್ದು.

ಡಾಕ್ಟರ್ ಆ ಹಾಳೆಯ ಹಿಂದೆ ಒಂದು ಗೆರೆ ಎಳೆದು ತೋರಿಸಿದರು. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಸಿಕ್ಕಿದ ಕೆಲವೇ ನಿಮಿಷದಲ್ಲಿ ಅವು ಅದನ್ನು ಆಸಿಡ್ ಮಾಡುತ್ತವೆ. ಬಾಯಿಯ ಪಿಎಚ್ (ಆಸಿಡ್ ಎಷ್ಟಿದೆ ಅನ್ನುವುದರ ಅಳತೆ, ಇಳಿದಷ್ಟೂ ಆಸಿಡ್ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಹೊರಪದರದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಆಮೇಲೆ ಜೊಲ್ಲು ಆ ಆಸಿಡ್ಡನ್ನು ನಿಧಾನವಾಗಿ ತಗ್ಗಿಸುತ್ತದೆ, ಕರಗಿದ್ದರಲ್ಲಿ ಒಂದಿಷ್ಟನ್ನು ಹಲ್ಲಿಗೆ ವಾಪಸ್ ಸೇರಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗೆರೆ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಈ ಇಳಿಜಾರನ್ನು 1940ರ ದಶಕದಲ್ಲೇ ಸ್ಟೀಫನ್ ಎಂಬ ಅಮೆರಿಕದ ದಂತವಿಜ್ಞಾನಿ ಅಳೆದು ತೋರಿಸಿದ್ದಾರೆ. ಅದಕ್ಕೆ ಇವತ್ತಿಗೂ ಸ್ಟೀಫನ್ ರೇಖೆ ಅಂತಲೇ ಹೆಸರು. ಪುಟ್ಟಿಯ ದಿನದ ಗೆರೆ ಎಳೆದಾಗ ಅದು ಮೇಲೆ ಬರುವಷ್ಟರಲ್ಲಿ ಮತ್ತೆ ಕೆಳಗೆ, ಮತ್ತೆ ಕೆಳಗೆ. ದ್ರಾಕ್ಷಿ ಬಟ್ಟಲಿನ ಹೊತ್ತಿನಲ್ಲಂತೂ ಪೂರ್ತಿ ಒಂದು ಗಂಟೆ ಕೆಳಗೇ ಉಳಿದಿತ್ತು.

ನನಗೆ ವಿಷಯ ಹೊಳೆದಿದ್ದು ಅಲ್ಲಿ. ಎಷ್ಟು ಸಿಹಿ ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ ತಿಂದಳು, ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡಳು ಅನ್ನುವುದು ಹಲ್ಲಿಗೆ ಮುಖ್ಯ. ಹಬ್ಬದ ದಿನ ಊಟದ ಎಲೆಯಲ್ಲಿ ಎರಡು ಒಬ್ಬಟ್ಟು ತಿಂದರೆ ಅದು ಒಂದೇ ಸಲದ ಏಟು. ಊಟ ಮಾಡುವಾಗ ಜೊಲ್ಲೂ ಜಾಸ್ತಿ ಬರುತ್ತದೆ, ತೊಳೆದುಕೊಂಡು ಹೋಗುತ್ತದೆ. ಅದೇ ಒಬ್ಬಟ್ಟನ್ನು ತುಂಡು ಮಾಡಿ ಮಧ್ಯಾಹ್ನದಿಂದ ಸಂಜೆವರೆಗೆ ಓಡಾಡುತ್ತಾ ತಿಂದರೆ ಹಲ್ಲಿಗೆ ಅರ್ಧ ದಿನ ಬಿಡುವೇ ಇಲ್ಲ. ಬೆಲ್ಲ, ಜೇನು ಕೂಡ ಹಲ್ಲಿನ ಮಟ್ಟಿಗೆ ಸಕ್ಕರೆಯೇ. ಖರ್ಜೂರ, ಒಣದ್ರಾಕ್ಷಿ ಅಂಟಿಕೊಳ್ಳುತ್ತವೆ. ಚಿಪ್ಸ್ ಉಪ್ಪಗಿದ್ದರೂ ಅದರ ಹಿಟ್ಟು ದವಡೆ ಹಲ್ಲಿನ ಗೀರುಗಳಲ್ಲಿ ಮೆತ್ತಿಕೊಂಡು ಅಲ್ಲೇ ಸಕ್ಕರೆಯಾಗುತ್ತದೆ. ಮಕ್ಕಳ ಕೆಮ್ಮಿನ ಸಿರಪ್‌ಗಳಲ್ಲೂ ಸಕ್ಕರೆ ಇರುವುದುಂಟು. ರಾತ್ರಿ ಸಿರಪ್ ಕೊಟ್ಟು ಹಾಗೇ ಮಲಗಿಸಬಾರದು.

ಹಾಗಾಗಿ ನಾವು ಯಾವ ತಿಂಡಿಯನ್ನೂ ಮನೆಯಿಂದ ಓಡಿಸಲಿಲ್ಲ, ಹೊತ್ತು ಮಾತ್ರ ಬದಲಿಸಿದೆವು. ಸಿಹಿ ಏನಿದ್ದರೂ ಊಟ-ತಿಂಡಿಯ ಜೊತೆ. ಶಾಲೆಯಲ್ಲಿ ಯಾರದ್ದಾದರೂ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಕೊಟ್ಟರೆ ಡಬ್ಬಿಗೆ ಹಾಕಿಕೊಂಡು ಮನೆಗೆ ತಂದು ರಾತ್ರಿ ಊಟ ಆದ ತಕ್ಷಣ. ನಡುವೆ ಹಸಿವಾದರೆ ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಕಡಲೆಕಾಯಿ, ಉಸಲಿ, ಚೀಸ್. ನಮ್ಮ ಕಡೆ ಇದಕ್ಕೇನೂ ಬರವಿಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಗುವಾಗ ನಮ್ಮ ಮನೆಗೆ ಮೂಟೆ ಮೂಟೆಯೇ ಬರುತ್ತದೆ. (ಪರಿಷೆಯ ಬತ್ತಾಸು, ಕಲ್ಯಾಣಸೇವೆ ಕೂಡ ಬಂತು. ಅದೂ ಊಟದ ಎಲೆಯ ಪಕ್ಕಕ್ಕೇ ಹೋಯಿತು.)

ಜಗಳ ಆಗಿದ್ದು ರಾತ್ರಿ ಹಾಲಿಗೆ. "ಮಗು ಹಾಲು ಕುಡಿದು ಮಲಗಬೇಕು ಕಣಮ್ಮ, ಬರೀ ಹೊಟ್ಟೆಯಲ್ಲಿ ನಿದ್ದೆ ಬರುತ್ತಾ?" ಅಂದರು ನಮ್ಮ ಅತ್ತೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ. ಮಲಗುವ ಮುಂಚೆ ಬಾಯಲ್ಲಿ ಉಳಿದ ಸಿಹಿಯನ್ನು ತೊಳೆಯುವವರು ಯಾರೂ ಇರುವುದಿಲ್ಲ. ಕೊನೆಗೆ ಹಾಲು ಉಳಿಯಿತು, ಸಕ್ಕರೆ ಹೋಯಿತು, ಹಲ್ಲುಜ್ಜುವುದು ಹಾಲಾದ ಮೇಲೆ ಅಂತಾಯಿತು. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ.

ಇದಕ್ಕಿಂತ ದೊಡ್ಡ ಚರ್ಚೆ ಪೇಸ್ಟ್ ವಿಷಯದಲ್ಲಾಯಿತು. ಅತ್ತೆಯವರದು ಮುಳಬಾಗಿಲು ಕಡೆ ಊರು. ಡಾಕ್ಟರ್ ಫ್ಲೋರೈಡ್ ಇರುವ ಪೇಸ್ಟ್ ಹೇಳಿದ್ದಾರೆ ಅಂದ ತಕ್ಷಣ ಅವರ ಮುಖ ಗಟ್ಟಿಯಾಯಿತು. "ಆ ಫ್ಲೋರೈಡೇ ನಮ್ಮೂರ ಮಕ್ಕಳ ಹಲ್ಲು ಕೆಡಿಸಿದ್ದು. ನಿನ್ನ ಗಂಡನ ಹಲ್ಲು ನೋಡಿಲ್ವಾ? ಬಾವಿ ನೀರು ಕುಡಿದ ನಮ್ಮ ಹಲ್ಲು ಬೆಳ್ಳಗಿದ್ವು. ಬೋರ್‌ವೆಲ್ ಬಂದ ಮೇಲೆ ಹುಟ್ಟಿದ ಮಕ್ಕಳಿಗೆಲ್ಲ ಕಂದು ಗೆರೆ. ಈಗ ಅದನ್ನೇ ದುಡ್ಡು ಕೊಟ್ಟು ತಂದು ಮಗು ಬಾಯಿಗೆ ಹಾಕ್ತೀಯಾ?" ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಮ್ಮನೆಯವರ ಮುಂದಿನ ಹಲ್ಲುಗಳಲ್ಲಿ ಆ ಗೆರೆಗಳಿವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಆಗಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಆ ಕಡೆ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ.

ಈ ಪ್ರಶ್ನೆಯನ್ನು ನಾನು ಹಾಗೇ ಡಾಕ್ಟರ್ ಮುಂದೆ ಇಟ್ಟೆ. ಅವರು ಅತ್ತೆಯವರನ್ನೂ ಕರೆದುಕೊಂಡು ಬನ್ನಿ ಅಂದರು, ಅವರೂ ಬಂದರು. ಉತ್ತರ ಹೀಗಿತ್ತು. ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ದವಡೆಯೊಳಗೆ ತಯಾರಾಗುತ್ತಿರುತ್ತವೆ. ಆ ವಯಸ್ಸಿನಲ್ಲಿ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಒಳಗೇ ಹಲ್ಲಿನ ಪದರ ಸರಿಯಾಗಿ ಕೂಡದೆ ಕಂದು ಕಲೆ ಬೀಳುತ್ತದೆ. ಹೊರಗೆ ಬಂದ ಹಲ್ಲಿಗೆ ಮೇಲಿನಿಂದ ಸ್ವಲ್ಪ ಫ್ಲೋರೈಡ್ ತಾಗಿಸಿ ಉಗುಳುವುದು ಬೇರೆ ಮಾತು. ಆಸಿಡ್‌ಗೆ ಕರಗಿದ ಪದರ ಮತ್ತೆ ಕಟ್ಟಿಕೊಳ್ಳುವಾಗ ಫ್ಲೋರೈಡ್ ಸೇರಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ, ಸುಮಾರು 4.5ರ ಪಿಎಚ್ ತನಕ ತಡೆಯುತ್ತದೆ. ಲೆಕ್ಕವನ್ನೂ ಹೇಳಿದರು. ಪೇಸ್ಟ್ ಟ್ಯೂಬ್ ಮೇಲೆ 1000 ಪಿಪಿಎಂ ಅಂತ ಇದ್ದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಬಟಾಣಿ ಕಾಳಿನಷ್ಟು ಪೇಸ್ಟ್ ಸುಮಾರು ಕಾಲು ಗ್ರಾಂ. ಅಂದರೆ ಕಾಲು ಮಿಲಿಗ್ರಾಂ, ಅದರಲ್ಲೂ ಹೆಚ್ಚಿನದನ್ನು ಉಗುಳುತ್ತಾಳೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಾ ಒಂದು ಲೀಟರ್ ಕುಡಿದ ಮಗುವಿನ ಹೊಟ್ಟೆಗೆ ಅದರ ಹನ್ನೆರಡು ಪಟ್ಟು ಹೋಗಿರುತ್ತದೆ, ಅಡುಗೆ ನೀರು ಬಿಟ್ಟು.

ಅತ್ತೆ ಬಾವಿ, ಬೋರ್‌ವೆಲ್ ನೋಡಿ ಹೇಳಿದ್ದನ್ನೇ ಅಮೆರಿಕದಲ್ಲಿ 1930ರ ದಶಕದಲ್ಲಿ ಟ್ರೆಂಡ್ಲಿ ಡೀನ್ ಎಂಬ ದಂತವೈದ್ಯರು ಊರೂರಿನ ನೀರು ಪರೀಕ್ಷಿಸಿ ದಾಖಲಿಸಿದ್ದರು. ಫ್ಲೋರೈಡ್ ಜಾಸ್ತಿ ಇದ್ದ ಕಡೆ ಹಲ್ಲಿಗೆ ಕಲೆ, ಆದರೆ ಹುಳುಕು ಕಡಿಮೆ. ಎಷ್ಟಿದ್ದರೆ ಕಲೆಯೂ ಇಲ್ಲ, ಹುಳುಕೂ ಕಡಿಮೆ ಅಂತ ಹುಡುಕುತ್ತಾ ಹೋಗಿ 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ನೀರಿಗೆ ಅಳತೆ ಮಾಡಿ ಸೇರಿಸಿದರು. ಇದನ್ನು ಕೇಳಿ ಅತ್ತೆ, "ಅವರಿಗೆ ಸೇರಿಸೋ ಕಷ್ಟ, ನಮಗೆ ತೆಗೆಯೋ ಕಷ್ಟ" ಅಂದರು. ಆಮೇಲೆ ಒಂದು ಷರತ್ತು ಹಾಕಿದರು: ಮೊದಲು ನಮ್ಮ ಮನೆ ನೀರು ಪರೀಕ್ಷೆ ಮಾಡಿಸಬೇಕು. ಅದು ಸರಿಯಾದ ಮಾತು. ನಮ್ಮ ಮನೆಯ ನೀರಿನ ಸಂಪ್‌ಗೆ ಕಾವೇರಿ ನೀರೂ ಬೀಳುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಟ್ಯಾಂಕರ್ ಕೂಡ. ಲ್ಯಾಬಿಗೆ ಕೊಟ್ಟೆವು, 1 ಮಿಲಿಗ್ರಾಂಗಿಂತ ಕಡಿಮೆ ಬಂತು. ಬೆಂಗಳೂರಲ್ಲಿ ಬೋರ್‌ವೆಲ್ ನೀರನ್ನೇ ಕುಡಿಯುವ ಬಡಾವಣೆಯವರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಇದೊಂದನ್ನು ದಯವಿಟ್ಟು ಮಾಡಿಸಿ.

ಪೇಸ್ಟ್ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಟ್ಯೂಬಿನ ಹಿಂದೆ ಓದಿ. ನಮ್ಮಲ್ಲಿ ಪೇಸ್ಟಿಗೆ ಕಾನೂನಿನ ಮಿತಿ 1000 ಪಿಪಿಎಂ. ಕೆಲವು ಮಕ್ಕಳ ಪೇಸ್ಟುಗಳಲ್ಲಿ ಅದರ ಅರ್ಧದಷ್ಟು ಇರುತ್ತದೆ, ಕೆಲವದರಲ್ಲಿ ಫ್ಲೋರೈಡೇ ಇಲ್ಲ. ಪುಟ್ಟಿಗೆ ಹೇಳಿದ್ದು 1000ದ್ದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಸಾಕು, ಮೂರರಿಂದ ಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಶ್ ತುಂಬ ಸುರುಳಿ ಹಾಕುತ್ತಾರಲ್ಲ, ಅಷ್ಟು ಯಾರಿಗೂ ಬೇಡ. ಪೇಸ್ಟ್ ಟ್ಯೂಬ್ ಮಕ್ಕಳ ಕೈಗೆ ಕೊಡದೆ ದೊಡ್ಡವರೇ ಹಾಕಬೇಕು, ನುಂಗದ ಹಾಗೆ ನೋಡಿಕೊಳ್ಳಬೇಕು. ಇನ್ನೊಂದು, ಉಜ್ಜಿದ ಮೇಲೆ ಉಗುಳಿದರೆ ಸಾಕು. ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಿದರೆ ಹಲ್ಲಿಗೆ ತಾಗಿದ್ದೂ ತೊಳೆದು ಹೋಗುತ್ತದೆ. ನಮಗೆಲ್ಲ ಚಿಕ್ಕಂದಿನಿಂದ ಮುಕ್ಕಳಿಸಿ ಮುಕ್ಕಳಿಸಿ ಅಭ್ಯಾಸ, ಬಿಡಿಸಲು ಸಮಯ ಹಿಡಿಯಿತು.

ಉಜ್ಜುವುದನ್ನು ಕಲಿಸಿದ್ದು ಒಂದು ಬಣ್ಣ. ಪಾಚಿ ಇರುವ ಕಡೆ ಮಾತ್ರ ಗುಲಾಬಿಯಾಗಿ ನಿಲ್ಲುವ ದ್ರಾವಣ ಸಿಗುತ್ತದೆ. ಡಾಕ್ಟರ್ ಬರೆದುಕೊಟ್ಟಿದ್ದರು. ಶನಿವಾರ ಸಂಜೆ ಪುಟ್ಟಿ ಎಂದಿನ ಹಾಗೆ ತಾನೇ ಉಜ್ಜಿಕೊಂಡಳು, ಆಮೇಲೆ ಹತ್ತಿಯಲ್ಲಿ ಆ ದ್ರಾವಣ ಹಚ್ಚಿ ಒಂದು ಸಲ ಉಗುಳಿಸಿದೆ. ಹಳೇ ಬನಿಯನ್ ಹಾಕಿಸಿದ್ದೆ, ಬಟ್ಟೆಗೆ ತಾಗಿದರೆ ಕಲೆ ಬೇಗ ಹೋಗುವುದಿಲ್ಲ. ಕನ್ನಡಿ ಮುಂದೆ ನಿಂತು ನಕ್ಕಾಗ ಮುಂದಿನ ಹಲ್ಲುಗಳು ಬೆಳ್ಳಗಿದ್ದವು. ಬಾಯಿ ತೆರೆದಾಗ ಒಳಗಿನದು ಬೇರೆಯೇ ಚಿತ್ರ. ವಸಡಿನ ಅಂಚಿನುದ್ದಕ್ಕೂ ಗುಲಾಬಿ ಗೆರೆ, ಕೆಳಗಿನ ದವಡೆ ಹಲ್ಲುಗಳ ನಾಲಿಗೆ ಕಡೆ ಪೂರ್ತಿ ಗುಲಾಬಿ, ಹೊಸದಾಗಿ ಬರುತ್ತಿದ್ದ ಹಲ್ಲಿನ ನೆತ್ತಿ ಎಲ್ಲಕ್ಕಿಂತ ಗಾಢ. ಕಾರಣ ಸುಲಭ. ಹೊಸ ಹಲ್ಲು ಇನ್ನೂ ಪಕ್ಕದ ಹಾಲುಹಲ್ಲಿನ ಎತ್ತರಕ್ಕೆ ಬಂದಿರುವುದಿಲ್ಲ. ಬ್ರಶ್ಶನ್ನು ಹಿಂದೆ ಮುಂದೆ ಆಡಿಸಿದರೆ ಅದು ಹಾಲುಹಲ್ಲಿನ ಮೇಲೇ ಓಡಾಡುತ್ತದೆ, ತಗ್ಗಿನಲ್ಲಿರುವ ಹೊಸ ಹಲ್ಲಿಗೆ ತಾಗುವುದೇ ಇಲ್ಲ. ಕೆನ್ನೆಯ ಕಡೆಯಿಂದ ಬ್ರಶ್ಶನ್ನು ಅಡ್ಡ ಹಿಡಿದು ಆ ಒಂದು ಹಲ್ಲನ್ನೇ ಬೇರೆಯಾಗಿ ಉಜ್ಜಬೇಕು. ಹಾಗೆ ಉಜ್ಜುತ್ತಾ ಗುಲಾಬಿ ಹೋಗುವುದನ್ನು ಇಬ್ಬರೂ ನೋಡಿದೆವು. ಎರಡು ನಿಮಿಷ ಎಂದರೆ ಎಷ್ಟು ಉದ್ದ ಅನ್ನುವುದೂ ಗೊತ್ತಾಯಿತು.

ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಅಷ್ಟು ಹಿಡಿತ ಇರುವುದಿಲ್ಲ. ಬೆಳಗ್ಗೆ ಪುಟ್ಟಿ ತಾನೇ ಉಜ್ಜಿಕೊಳ್ಳುತ್ತಾಳೆ, ರಾತ್ರಿ ಮಾತ್ರ ನಾನು ಅಥವಾ ಅವರಪ್ಪ. ಎದುರಿಗೆ ನಿಂತು ಉಜ್ಜಿದರೆ ಒಳಗೆ ಏನೂ ಕಾಣುವುದಿಲ್ಲ. ಅವಳ ಹಿಂದೆ ನಿಂತು, ತಲೆಯನ್ನು ನಮ್ಮ ಹೊಟ್ಟೆಗೆ ಒರಗಿಸಿಕೊಂಡು ಮೇಲಿನಿಂದ ನೋಡುತ್ತಾ ಉಜ್ಜಬೇಕು. ಹಿಂದಿನ ಹಾಲುಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಿರುವ ಕಡೆ ಹಿಡಿಕೆ ಇರುವ ದಾರ ಆಡಿಸುತ್ತೇವೆ. ಆ ಸಂದಿಗೆ ಯಾವ ಬ್ರಶ್ಶೂ ಹೋಗುವುದಿಲ್ಲ.

ಇನ್ನು ಸೀಲೆಂಟ್. ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಇದು. ದವಡೆ ಹಲ್ಲಿನ ಮೇಲ್ಮೈಯನ್ನು ಡಾಕ್ಟರ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಬತ್ತಿದ ಕೆರೆಯ ಅಂಗಳದ ಹಾಗಿತ್ತು, ಬಿರುಕಿನ ಮೇಲೆ ಬಿರುಕು. ಎಷ್ಟೋ ಗೀರುಗಳು ಬ್ರಶ್ಶಿನ ಒಂದು ಎಳೆಗಿಂತಲೂ ಕಿರಿದು. ಒಳಗೆ ಹೊಕ್ಕಿದ್ದನ್ನು ತೆಗೆಯುವ ದಾರಿಯೇ ಇಲ್ಲ. ಹಾಗಾಗಿ ಹುಳುಕು ಬರುವ ಮುಂಚೆಯೇ ಆ ಗೀರುಗಳನ್ನು ರೆಸಿನ್ ಅನ್ನುವ ಪ್ಲಾಸ್ಟಿಕ್‌ನಂಥ ತೆಳ್ಳಗಿನ ಪದಾರ್ಥದಿಂದ ಮುಚ್ಚಿಬಿಡುತ್ತಾರೆ. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ.

ಕುರ್ಚಿಯಲ್ಲಿ ಮಲಗಿಸಿ, ಸಾಕು ಅನ್ನಿಸಿದರೆ ಎಡಗೈ ಎತ್ತು ಅಂತ ಹೇಳಿದರು. ಮೊದಲು ಹಲ್ಲನ್ನು ಉಜ್ಜಿ ತೊಳೆದರು. ಕೆನ್ನೆ ಮತ್ತು ನಾಲಿಗೆ ಪಕ್ಕ ಹತ್ತಿ ಸುರುಳಿ, ಜೊಲ್ಲು ಎಳೆಯುವ ಪೈಪ್. ಸಣ್ಣ ಸಿರಿಂಜಿನಿಂದ ನೀಲಿ ಜೆಲ್ ಒಂದು ಹನಿ ಗೀರುಗಳ ಮೇಲೆ. ಅದು ಆಸಿಡ್, ರೆಸಿನ್ ಹಿಡಿದುಕೊಳ್ಳಲಿ ಅಂತ ಮೇಲ್ಮೈಯನ್ನು ಒರಟು ಮಾಡುತ್ತದೆ. ತೊಳೆಯುವಾಗ ಸ್ವಲ್ಪ ನಾಲಿಗೆಗೆ ತಾಗಿ ಪುಟ್ಟಿ "ಹುಳಿ" ಅಂದಳು. ಗಾಳಿ ಊದಿ ಒಣಗಿಸಿದ ಮೇಲೆ ನನ್ನನ್ನು ಕರೆದು ಕನ್ನಡಿಯಲ್ಲಿ ತೋರಿಸಿದರು. ಅಷ್ಟು ಹೊತ್ತು ಹೊಳೆಯುತ್ತಿದ್ದ ಹಲ್ಲಿನ ಮಧ್ಯಭಾಗ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹೀಗೆ ಬೆಳ್ಳಗಾದರೇ ಕೆಲಸ ಸರಿ ಆಗಿದೆ ಅಂತ, ಈಗ ಒಂದು ಹನಿ ಜೊಲ್ಲು ತಾಗಿದರೂ ಮತ್ತೆ ಮೊದಲಿನಿಂದ ಮಾಡಬೇಕು ಅಂದರು. ಬಿಳೀ ರೆಸಿನ್ ಹನಿ ಬಿಟ್ಟರು. ಅದು ತಾನಾಗಿಯೇ ಗೀರುಗಳಲ್ಲಿ ಹರಿಯಿತು, ಸೂಜಿಯಂಥ ಮೊನೆಯಿಂದ ಗುಳ್ಳೆ ಒಡೆದರು. ಆಮೇಲೆ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡಿದರು. ಪುಟ್ಟಿ ಒಂದು ಸಲವೂ ಕೈ ಎತ್ತಲಿಲ್ಲ.

ಕೆಳಗಿನ ಬಲಗಡೆಯ ಹಲ್ಲು ಮಾತ್ರ ಪೂರ್ತಿ ಬಂದಿರಲಿಲ್ಲ, ಅದರ ಹಿಂದಿನ ಅರ್ಧದ ಮೇಲೆ ವಸಡಿನ ಹೊದಿಕೆ ಇತ್ತು. ಅಲ್ಲಿ ಒಣಗಿಸಲು ಆಗುವುದಿಲ್ಲ, ರೆಸಿನ್ ನಿಲ್ಲುವುದಿಲ್ಲ. ಹಾಗಂತ ಬಿಡಲಿಲ್ಲ. ಗ್ಲಾಸ್ ಅಯೊನೊಮರ್ ಅನ್ನುವ ಸಿಮೆಂಟನ್ನು ಕಲಸಿ, ವ್ಯಾಸಲೀನ್ ಹಚ್ಚಿದ ಬೆರಳಿನಿಂದ ಒತ್ತಿ ತಾತ್ಕಾಲಿಕವಾಗಿ ಮುಚ್ಚಿದರು. ಸ್ವಲ್ಪ ಒದ್ದೆಯಲ್ಲೂ ಅದು ಹಿಡಿಯುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಸೀಲೆಂಟ್ ಹಾಕಿದ ಮೇಲೆ ಮರೆತುಬಿಡುವ ಹಾಗಿಲ್ಲ. ಅಂಚು ಚೂರು ಹಾರಿರಬಹುದು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಜೊತೆಗೆ ಎಲ್ಲ ಹಲ್ಲಿಗೂ ಫ್ಲೋರೈಡ್ ವಾರ್ನಿಶ್ ಬಳಿದರು. ಪುಟ್ಟ ಕುಂಚದಲ್ಲಿ ಬಳಿಯುವ ಹಳದಿ ಮೇಣದಂಥ ಪದರ. ಆ ದಿನ ಗಟ್ಟಿ ತಿಂಡಿ, ಬಿಸಿ ಹಾಲು ಬೇಡ, ರಾತ್ರಿ ಉಜ್ಜುವುದೂ ಬೇಡ. ಮೊಸರನ್ನ ತಿಂದು ಮಲಗಿದಳು.

ಹುಳುಕು ಶುರುವಾಗಿದ್ದ ಆ ಹಾಲುಹಲ್ಲಿನ ಕಥೆ ಹೇಳಬೇಕು. "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ" ಅಂದವರು ನಮ್ಮ ನೆಂಟರಲ್ಲಿ ಬಹಳ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ಹಾಲು ದವಡೆ ಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು. ಅದು ಮುಂಚೆಯೇ ಹೋದರೆ ಹಿಂದಿನ ಹೊಸ ಹಲ್ಲು ಮುಂದಕ್ಕೆ ಜರುಗಿ, ಕೆಳಗೆ ಕಾಯುತ್ತಿರುವ ಹಲ್ಲಿಗೆ ಜಾಗ ಇಲ್ಲದಂತಾಗುತ್ತದೆ. ಡಾಕ್ಟರ್ ಎರಡು ದಾರಿ ಹೇಳಿದರು. ಒಂದು ಫಿಲ್ಲಿಂಗ್. ಇನ್ನೊಂದು ಸಿಲ್ವರ್ ಡೈಅಮೀನ್ ಫ್ಲೋರೈಡ್ ಅನ್ನುವ ದ್ರಾವಣ ಹಚ್ಚಿ ಹುಳುಕನ್ನು ಅಲ್ಲಿಗೇ ನಿಲ್ಲಿಸುವುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯೊನೊಮರ್ ಜೊತೆ ಇದನ್ನೂ ಸೇರಿಸಿದೆ. ಕೊರೆಯುವುದು ಬೇಡ, ಒಂದೆರಡು ನಿಮಿಷದ ಕೆಲಸ. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಮಾಡುವ ಮುಂಚೆಯೇ ಫೋಟೋ ತೋರಿಸಿ ಹೇಳಿದರು. ಹಿಂದಿನ ಹಲ್ಲು, ತೂತು ಇನ್ನೂ ಚಿಕ್ಕದು. ನಾವು ಇದನ್ನೇ ಆರಿಸಿಕೊಂಡೆವು. ಮಾರನೇ ದಿನ ಅತ್ತೆ ನೋಡಿ ಗಾಬರಿಯಾದರು, "ಅಯ್ಯೋ, ಹಲ್ಲು ಇದ್ದಿಲ ಹಾಗಾಯ್ತಲ್ಲೇ!" ಅಂದರು. ಪುಟ್ಟಿಯೇ ಸಮಾಧಾನ ಮಾಡಿದಳು: "ಕಪ್ಪಾದ್ರೆ ಹುಳುಕು ನಿಂತಿದೆ ಅಂತ ಅಜ್ಜಿ." ಈಗ ಮುಟ್ಟಿ ನೋಡಿದಾಗಲೆಲ್ಲ ಆ ಜಾಗ ಗಟ್ಟಿಯಾಗಿದೆ, ದೊಡ್ಡದಾಗಿಲ್ಲ ಅನ್ನುತ್ತಾರೆ ಡಾಕ್ಟರ್.

ಅಷ್ಟು ಸಲ ಜೊತೆಗೆ ಬಂದ ಮೇಲೆ ಅತ್ತೆ ತಮ್ಮ ಹಲ್ಲನ್ನೂ ತೋರಿಸಿದರು. ವಸಡು ಕೆಳಗೆ ಸರಿದು ಬೇರಿನ ಭಾಗ ಹೊರಗೆ ಕಾಣುತ್ತಿತ್ತು. ಬೇರಿನ ಮೇಲೆ ಆ ಗಟ್ಟಿ ಹೊರಪದರ ಇರುವುದಿಲ್ಲ, ಇನ್ನೂ ಕಡಿಮೆ ಆಸಿಡ್‌ಗೇ ಕರಗುತ್ತದೆ. ಅವರು ತೆಗೆದುಕೊಳ್ಳುವ ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಒಣಗುತ್ತದೆ ಅಂತ ಸೆರಗಿನ ಗಂಟಿನಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಚೀಪುತ್ತಿದ್ದರು. ಡಾಕ್ಟರ್ ಏನೂ ಹೇಳುವ ಮುಂಚೆಯೇ ಅವರು ನನ್ನ ಕಡೆ ತಿರುಗಿ, "ನನ್ನ ಗೆರೆ ದಿನವಿಡೀ ಕೆಳಗೇ ಇರುತ್ತೆ ಅಲ್ವೇನೇ?" ಅಂದರು. ಈಗ ಕಲ್ಲುಸಕ್ಕರೆ ಬದಲು ಪಕ್ಕದಲ್ಲಿ ನೀರಿನ ಬಾಟಲಿ, ಬಾಯಿಗೆ ಏಲಕ್ಕಿ ಇಲ್ಲವೇ ಲವಂಗ. ಬೆಳಗ್ಗೆ ಅವರ ಇಷ್ಟದ ನಂಜನಗೂಡು ಹಲ್ಲುಪುಡಿ ಇದ್ದೇ ಇದೆ. ರಾತ್ರಿ ಮೆತ್ತನೆ ಬ್ರಶ್, ಅದರ ಮೇಲೆ ಫ್ಲೋರೈಡ್ ಪೇಸ್ಟ್. ಮಾತ್ರೆ ಬದಲಿಸಬಹುದಾ ಅಂತ ಬರೆದುಕೊಟ್ಟವರನ್ನೇ ಕೇಳಿ ಅಂದಿದ್ದಾರೆ, ಮುಂದಿನ ವಾರ ಹೋಗಬೇಕು. ಪುಟ್ಟಿಯ ಕೆಳಗಿನ ಬಲಗಡೆಯ ಹಲ್ಲು ಈಗ ಪೂರ್ತಿ ಬಂದಿದೆ. ಸಿಮೆಂಟ್ ತೆಗೆದು ರೆಸಿನ್ ಹಾಕುವುದು ದಸರಾ ರಜೆಯಲ್ಲಿ.